ಹಳ್ಳದ ನೀರು ಕುಡಿದ ರೋಲರ್

ಎರಡನೆಯ ರೋಲರ್ ಕೊಡಲು ಆಗುವುದಿಲ್ಲ ಎಂದು ಕಾರವಾರದ ಕಚೇರಿಯಿಂದ ಉತ್ತರ ಬಂದಾಗ ನಾನು ಅವರ್ಸಾದ ಆಚೆ, ರಸ್ತೆಯ ಬದಿಗೆ ಹಾಕಿಕೊಂಡಿದ್ದ ತೆಂಗಿನ ಮಡಲಿನ ಚಪ್ಪರದಲ್ಲಿ ಕೂತಿದ್ದೆ. ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಜಿಲ್ಲೆಯ ಇನ್ನೊಂದು ರೋಲರ್ ಸುಂಕಸಾಳದ ಕಡೆ ಕೆಲಸದಲ್ಲಿದೆ, ಅದನ್ನು ಅಲ್ಲಿಂದ ಎಬ್ಬಿಸುವಂತಿಲ್ಲ. ನಿಮ್ಮ ಬಳಿ ಇರುವ ಸಾಮಾನು, ಇರುವ ಜನ, ಇಷ್ಟರಲ್ಲೇ ಮುಂಗಾರಿನ ಮಿರಗದ ಮಳೆಗೆ ಮೊದಲು ಮೂರು ಮೈಲು ರಸ್ತೆ ಮುಗಿಸಿ. ಆಗ ನಾನು ಹಂಗಾಮಿ ಓವರ್‌ಸಿಯರ್. ಪುಣೆಯಲ್ಲಿ ಕಲಿತು ಬಂದವನೆಂಬ ಹಮ್ಮು ಇನ್ನೂ ತಲೆಯಿಂದ ಇಳಿದಿರಲಿಲ್ಲ. ಪತ್ರ ಓದಿ ಸಿಟ್ಟು ಬಂತು, ಅದರ ಹಿಂದೆಯೇ ಹುರುಪೂ ಬಂತು. ಮಾಡಿ ತೋರಿಸುತ್ತೇನೆ ಎಂದುಕೊಂಡೆ.

ನನ್ನ ಬಳಿ ಇದ್ದದ್ದು ಹತ್ತು ಟನ್ನಿನ ಒಂದು ಹಬೆ ರೋಲರ್, ಕಬ್ಬಿಣದ ಟಾಕಿ ಕೂರಿಸಿದ ಎರಡು ನೀರಿನ ಗಾಡಿ, ಖಡಿ, ಎಂದರೆ ಒಡೆದ ಜಲ್ಲಿ, ಹೇರುವ ಹದಿನಾಲ್ಕು ಎತ್ತಿನ ಗಾಡಿ. ಗಾಡಿಯವರೆಲ್ಲ ಯಲ್ಲಾಪುರದ ಆಚೆಯವರು, ಘಟ್ಟ ಇಳಿದು ಬಂದವರು. ಕಲ್ಲು ಒಡೆಯಲು, ಖಡಿ ಹಾಸಲು ಸುತ್ತಲಿನ ಊರುಗಳ ರೈತಾಪಿ ಹೆಂಗಸರು ಬರುತ್ತಿದ್ದರು. ಕೆಲಸದ ಕ್ರಮ ಎಲ್ಲ ಕಡೆಯಂತೆಯೇ. ಖಡಿ ಹಾಸಬೇಕು, ಅದರ ಮೇಲೆ ರೋಲರ್ ಓಡಿಸಿ ಕಲ್ಲಿಗೆ ಕಲ್ಲು ಕಚ್ಚಿಸಬೇಕು, ಆಮೇಲೆ ಕೆಂಪು ಮುರುಮು ಮಣ್ಣು ಎರಚಿ, ನೀರು ಹೊಡೆದು, ಸಂದುಗಳೆಲ್ಲ ತುಂಬುವವರೆಗೆ ಮತ್ತೆ ಮತ್ತೆ ಓಡಿಸಬೇಕು. ರೋಲರ್ ಓಡಿದಷ್ಟೇ ರಸ್ತೆ. ಅದು ನಿಂತರೆ ಉಳಿದವರು ಎಷ್ಟು ಬೆವರು ಸುರಿಸಿದರೂ ಒಂದು ಗಜ ಮುಂದೆ ಹೋಗುವುದಿಲ್ಲ.

ಹೀಗಾಗಿ ನಾನು ಮೊದಲು ಮಾಡಿದ ಕೆಲಸ ಒಂದು ನೋಟುಬುಕ್ಕು ಹಿಡಿದು ರೋಲರಿನ ಹಿಂದೆ ಬಿದ್ದದ್ದು. ಒಂದು ವಾರ ಪ್ರತಿ ಕಾಲು ಗಂಟೆಗೆ ಅದು ಏನು ಮಾಡುತ್ತಿದೆ ಎಂದು ಬರೆದೆ. ಓಡುತ್ತಿದೆ, ಹಬೆ ಏರಲು ಕಾಯುತ್ತಿದೆ, ಖಡಿಗೆ ಕಾಯುತ್ತಿದೆ, ನೀರಿಗೆ ಕಾಯುತ್ತಿದೆ. ಹೆಂಗಸರು ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ವಾರದ ಕೊನೆಗೆ ಕೂಡಿಸಿ ನೋಡಿದರೆ ದಿನದ ಹತ್ತು ಗಂಟೆಯ ಕೆಲಸದಲ್ಲಿ ಅದು ನಿಜವಾಗಿ ಓಡಿದ್ದು ನಾಲ್ಕು ಗಂಟೆ ಇರಬಹುದು. ಎರಡನೆಯ ರೋಲರ್ ಬೇಡುತ್ತಿದ್ದ ನನಗೆ ಮೊದಲನೆಯದೇ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿರುವುದು ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು.

ಒಂದೊಂದಾಗಿ ಸರಿಪಡಿಸಿದೆ. ಡ್ರೈವರ್ ಬಂದ ಮೇಲೆ ಬೆಂಕಿ ಹಾಕುವ ರೂಢಿ ಬಿಡಿಸಿ, ಬೆಂಕಿಯವನು ಎರಡು ಗಂಟೆ ಮೊದಲೇ ಬಂದು ಹೊತ್ತಿಸಬೇಕು ಎಂದೆ. ಖಡಿಯನ್ನು ಹಿಂದಿನ ದಿನ ಸಂಜೆಯೇ ಮುಂದಿನ ನೂರು ಗಜಕ್ಕೆ ಹಾಸಿಡಿಸಿದೆ. ಹದಿನಾಲ್ಕೂ ಗಾಡಿ ಒಟ್ಟಿಗೆ ಬಂದು ಒಟ್ಟಿಗೆ ಹೋಗುವುದನ್ನು ತಪ್ಪಿಸಿ ನಾಲ್ಕು ನಾಲ್ಕಾಗಿ ಬಿಟ್ಟೆ. ಕೊನೆಗೆ ಉಳಿದದ್ದು ನೀರು.

ರೋಲರಿನ ಬಾಯ್ಲರಿಗೂ ರಸ್ತೆಗೂ ಒಂದೇ ಕಡೆಯ ನೀರು ಬರುತ್ತಿತ್ತು. ಗುಡ್ಡದ ಬುಡದಲ್ಲಿ ಒಂದು ಬಾವಿ, ಅಲ್ಲಿಗೆ ಮೈಲಿಗಿಂತ ಹೆಚ್ಚು ದಾರಿ. ಕೊಡದಲ್ಲಿ ಸೇದಿ ಟಾಕಿ ತುಂಬಿಸಿ ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆಯುತ್ತಿತ್ತು. ಆದರೆ ನಮ್ಮ ಕೆಲಸದ ಪಕ್ಕದಲ್ಲೇ ಹಟ್ಟಿಕೇರಿ ಹಳ್ಳ ಇತ್ತು. ಸೇತುವೆಯಿಂದ ತುಸು ಮೇಲಕ್ಕೆ, ಹಳ್ಳಕ್ಕೆ ಅಡ್ಡವಾಗಿ ಒಂದು ಬಂಡೆಯ ಸಾಲು, ಅದರ ಹಿಂದೆ ಎದೆಮಟ್ಟದ ಮಡು. ಗಾಡಿಯನ್ನು ಹಿಮ್ಮುಖವಾಗಿ ನೀರಿಗಿಳಿಸಿದರೆ ಟಾಕಿ ತಾನೇ ತುಂಬುತ್ತದೆ. ನೀರು ಬಾಯಿಗೆ ಹಾಕಿ ನೋಡಿದೆ, ಸಿಹಿ. ಶಿವರಾತ್ರಿ ಕಳೆದು ಐದಾರು ದಿನಕ್ಕೆ, ಇನ್ನು ಮೇಲೆ ಎರಡೂ ಗಾಡಿ ಹಳ್ಳದಲ್ಲೇ ತುಂಬಿಕೊಳ್ಳಬೇಕು ಎಂದು ಹುಕುಂ ಮಾಡಿದೆ.

ಬೇಡವೆಂದವನು ಡ್ರೈವರ್ ಒಬ್ಬನೇ. ಹುಬ್ಬಳ್ಳಿ ಕಡೆಯವನು, ಐವತ್ತು ದಾಟಿದ ಮನುಷ್ಯ. ಇಪ್ಪತ್ತು ವರ್ಷದಿಂದ ಬಾಯ್ಲರಿನ ಮುಂದೆ ನಿಂತು ಮುಖ ಒಂದೇ ಕಡೆ ಕಪ್ಪಾಗಿತ್ತು. ಓದು ಬರಹ ಇಲ್ಲ. ರೋಲರಿನ ಸದ್ದಿನಲ್ಲಿ ಒಂದು ಎಳೆ ಹೆಚ್ಚು ಕಡಿಮೆ ಆದರೂ ಊಟದ ಮಧ್ಯೆ ಎದ್ದು ಹೋಗುತ್ತಿದ್ದ. ಎಲ್ಲರೂ ಅವನನ್ನು ಮಿಸ್ತ್ರಿ ಎನ್ನುತ್ತಿದ್ದರು.

“ಸಾಹೇಬ್ರ, ಬಾವಿ ನೀರಿಗೆ ಬಾಯ್ಲರ್ ಹೊಂದಿಕೊಂಡೈತ್ರಿ. ಹರಿಯೋ ನೀರಿನ್ಯಾಗ ಏನ್ ಬರತೈತಿ ಏನ್ ಹೋಗತೈತಿ, ಯಾರಿಗೆ ಗೊತ್ರಿ?” ಎಂದ.

“ನೀರು ನಾನೇ ಕುಡಿದು ನೋಡಿದ್ದೇನೆ ಮಿಸ್ತ್ರಿ. ನಿಮ್ಮ ಬಾಯ್ಲರು ನನಗಿಂತ ನಾಜೂಕಿನದಾ?” ಎಂದೆ. ಸುತ್ತಲಿನವರು ನಕ್ಕರು. ಅವನೂ ಮರ್ಯಾದೆಗೆ ನಕ್ಕ.

ಮುಂದಿನ ಎಂಟು ದಿನ ನನ್ನ ಕೆಲಸದ ಅತ್ಯಂತ ಸುಖದ ದಿನಗಳು. ಹತ್ತರಲ್ಲಿ ಏಳು ಗಂಟೆ ರೋಲರ್ ಓಡಿತು. ನಾನು ನೋಟುಬುಕ್ಕಿನ ಪುಟಗಳನ್ನು ಚೆಂದವಾಗಿ ನಕಲು ಮಾಡಿ ಕಾರವಾರಕ್ಕೆ ಕಳಿಸಿದೆ. ಎಕ್ಸಿಕ್ಯೂಟಿವ್ ಇಂಜಿನಿಯರ್ ಸಾಹೇಬರು ಸ್ವತಃ ಸಹಿ ಮಾಡಿ, ಇದು ಉಳಿದವರಿಗೂ ಮಾದರಿ ಎಂದು ಬರೆದರು. ಆ ಪತ್ರವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೌಕರಿ ಕಾಯಂ ಆಗುವ ವಾಸನೆ ಅದರಲ್ಲಿ ಬರುತ್ತಿತ್ತು.

ಹೋಳಿ ಹುಣ್ಣಿಮೆ ಬಂತು. ಸುಗ್ಗಿಯ ಕುಣಿತಕ್ಕೆಂದು ಜನ ಅರ್ಧಕ್ಕರ್ಧ ಬರಲಿಲ್ಲ. ನಾನು ಎರಡು ದಿನ ಸದಾಶಿವಗಡದ ನಮ್ಮ ಮನೆಗೆ ಹೋಗಿ ಬಂದೆ. ಬಂದು ನೋಡಿದರೆ ರೋಲರ್ ತಣ್ಣಗೆ ನಿಂತಿದೆ. ಬಾಯ್ಲರ್ ನೊರೆ ಕಾರುತ್ತಿದೆ ಎಂದು ಡ್ರೈವರ್ ಹೇಳಿದ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕುಣಿಯುತ್ತಿತ್ತಂತೆ, ಹೊಗೆ ಕೊಳವೆಯಿಂದ ಬಿಳಿ ನೀರು ಉಗುಳಿತಂತೆ. ಬೆಂಕಿ ತೆಗೆದು, ಬಾಯ್ಲರಿನ ನೀರೆಲ್ಲ ಹೊರಗೆ ಬಿಟ್ಟು, ತೊಳೆದು, ಹೊಸ ನೀರು ತುಂಬಿದ್ದ. ಅಷ್ಟಕ್ಕೇ ಒಂದೂವರೆ ದಿನ ಹೋಗಿತ್ತು.

“ನೀರಿನ್ಯಾಗ ಏನೋ ಐತ್ರಿ ಸಾಹೇಬ್ರ,” ಎಂದ.

ನಾನು ಆ ಕೂಡಲೇ ಹೋಗಲಿಲ್ಲ. ಕಾಗದಪತ್ರ ಮುಗಿಸಿ, ಮೂರು ದಿನ ಬಿಟ್ಟು ಹಳ್ಳಕ್ಕೆ ಹೋಗಿ, ಮೇಲಿನ ನೀರನ್ನು ಬೊಗಸೆಯಲ್ಲಿ ತುಂಬಿ ಕುಡಿದೆ. ಏನೂ ಇರಲಿಲ್ಲ. ಹೋಳಿಯ ದಿನ ಗಾಡಿಯವರ ಬಿಡಾರದಲ್ಲಿ ಕುಡಿತ ನಡೆದಿತ್ತು ಎಂದು ಯಾರೋ ಹೇಳಿದ್ದು ನೆನಪಾಯಿತು, ಡ್ರೈವರೂ ಕುಡಿದಿರಬೇಕು ಅನ್ನಿಸಿತು. ನೋಟುಬುಕ್ಕಿನಲ್ಲಿ ಕಾರಣ ಎಂಬ ಜಾಗದಲ್ಲಿ ‘ಹಬ್ಬ’ ಎಂದು ಬರೆದೆ.

ಯುಗಾದಿಯ ಅಮಾವಾಸ್ಯೆಗೆ ಮತ್ತೆ ಅದೇ ಕತೆ. ನೊರೆ, ಬಿಳಿ ನೀರು, ಎರಡು ದಿನ ಬಂದ್. ಈ ಸಲ ಕಲ್ಲು ಒಡೆಯುವ ಹೆಂಗಸರ ಮುಂದಾಳು ನನ್ನ ಚಪ್ಪರಕ್ಕೇ ಬಂದಳು. ಅರವತ್ತರ ಹತ್ತಿರದ ಹೆಂಗಸು, ಹಳ್ಳದ ಕೆಳಗಿನ ಕೊಪ್ಪದವಳು. ಅವಳ ಮನೆಯವರು ಗಜನಿ ಬೇಸಾಯದವರು. ಗಜನಿ ಎಂದರೆ ಉಪ್ಪುನೀರಿನ ಅಂಚಿನಲ್ಲಿ, ಒಡ್ಡು ಕಟ್ಟಿ, ಒಡ್ಡಿಗೆ ಹಲಗೆಯ ಬಾಗಿಲು ಇಟ್ಟು ಉಳಿಸಿಕೊಂಡ ತಗ್ಗು ಗದ್ದೆ.

“ಒಡೆಯಾ, ಅಮಾಸೆ ಹುಣ್ಣಿಮೆಗೇ ಬೆಂಕಿ ಗಾಡಿ ಕೆಡ್ತದೆ. ಹಳ್ಳದ ದೇವ್ರು ಜಟಗನಿಗೆ ಒಂದು ಕೋಳಿ ಕೊಟ್ಬಿಡಿ. ನಾವೇ ತರ್ತ್ರು, ನೀವು ಹೂಂ ಅಂದ್ರೆ ಸಾಕು,” ಎಂದಳು.

ನನಗೆ ರೇಗಿತು. ಕಬ್ಬಿಣಕ್ಕೆ ಅಮಾವಾಸ್ಯೆ ಗೊತ್ತಾಗುವುದಿಲ್ಲ, ಕುಡುಕರಿಗೆ ಹಬ್ಬ ಗೊತ್ತಾಗುತ್ತದೆ ಎಂದು ಗದರಿಸಿ ಕಳಿಸಿದೆ. ಡ್ರೈವರಿಗೂ ಸುತ್ತಲಿನವರಿಗೂ ಕೇಳುವಷ್ಟು ದೊಡ್ಡದಾಗಿಯೇ ಹೇಳಿದ್ದೆ. ಅವನು ರೋಲರಿನ ಗಾಲಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ.

ಮುಂದಿನ ಹುಣ್ಣಿಮೆಗೆ ನಡೆದದ್ದು ಗಂಭೀರವಾದದ್ದು. ಬಾಯ್ಲರಿನ ಒಳಗೆ, ಬೆಂಕಿಪೆಟ್ಟಿಗೆಯ ನೆತ್ತಿಯಲ್ಲಿ, ಸೀಸ ತುಂಬಿದ ಒಂದು ಬಿರಡೆ ಇರುತ್ತದೆ. ನೆತ್ತಿಯ ಮೇಲೆ ನೀರು ಇರುವ ತನಕ ಅದಕ್ಕೆ ಏನೂ ಆಗುವುದಿಲ್ಲ. ನೀರು ಇಳಿದುಹೋದರೆ ಸೀಸ ಕರಗಿ, ಹಬೆ ನುಗ್ಗಿ, ಬೆಂಕಿಯನ್ನು ಆರಿಸುತ್ತದೆ. ಬಾಯ್ಲರ್ ಒಡೆಯದಂತೆ ಇರುವ ಕೊನೆಯ ಕಾವಲು ಅದು. ಅಂದು ಹೊತ್ತು ನೆತ್ತಿಗೆ ಬರುವಾಗ ಆ ಬಿರಡೆ ಕರಗಿತು. ಸೀಟಿಯಂಥ ಒಂದು ಸದ್ದು, ರೋಲರಿನ ಸುತ್ತ ಬಿಳಿ ಹಬೆ, ಹೆಂಗಸರು ಬುಟ್ಟಿ ಎಸೆದು ಓಡಿದರು. ಹಬೆ ಕರಗಿದಾಗ ಡ್ರೈವರ್ ಇನ್ನೂ ಅಲ್ಲೇ, ಗಾಜಿನ ಕೊಳವೆಯನ್ನೇ ನೋಡುತ್ತ ನಿಂತಿದ್ದ. ಮುಂಗೈ ಬೆಂದಿತ್ತು.

“ಕೊಳವ್ಯಾಗ ಅರ್ಧಾ ನೀರು ತೋರಸ್ತಿತ್ರಿ. ನಾ ನೋಡ್ಕೋತನ ಇದ್ದೆ. ದೇವರಾಣಿ ನೋಡ್ಕೋತನ ಇದ್ದೆ,” ಎಂದ.

ಬಿರಡೆ ಕರಗಿದರೆ ತಪ್ಪು ಡ್ರೈವರಿನದು ಎಂದು ನಮ್ಮ ಕೈಪಿಡಿ ಹೇಳುತ್ತದೆ. ನೀರಿನ ಮೇಲೆ ಕಣ್ಣಿಡುವುದೇ ಅವನ ಮೊದಲ ಕೆಲಸ. ಹದಿನೈದು ದಿನಕ್ಕೊಮ್ಮೆ ಕೆಲಸ ನಿಲ್ಲುತ್ತಿರುವುದಕ್ಕೆ ಕಾರವಾರದಿಂದ ಕಾರಣ ಕೇಳಿ ಆಗಲೇ ಎರಡು ಪತ್ರ ಬಂದಿದ್ದವು. ಸಾಹೇಬರ ಮೆಚ್ಚುಗೆ ಕೈಜಾರುತ್ತಿರುವುದು ನನಗೆ ಕಾಣುತ್ತಿತ್ತು. ಆ ಸಂಜೆಯೇ ಕೂತು ಬರೆದೆ. ಡ್ರೈವರ್ ಹಬ್ಬ ಹರಿದಿನಗಳಲ್ಲಿ ಅಜಾಗರೂಕ, ಈಗ ಬಾಯ್ಲರನ್ನೇ ಅಪಾಯಕ್ಕೆ ತಂದಿದ್ದಾನೆ, ಅವನನ್ನು ತೆಗೆದು ಬೇರೆಯವರನ್ನು ಕೊಡಬೇಕು. ಒಂದು ಪದವನ್ನೂ ಹೊಡೆದುಹಾಕದೆ ಒಂದೇ ಸಲಕ್ಕೆ ಬರೆದು ಮುಗಿಸಿದೆ. ಇಂದಿಗೂ ಅದೇ ನನಗೆ ಚುಚ್ಚುವುದು.

ಒಂದು ವಾರಕ್ಕೆ ಉತ್ತರ ಬಂತು. ಸುಂಕಸಾಳದ ರೋಲರಿನಲ್ಲಿ ಕೈಕೆಳಗೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಡ್ರೈವರನ್ನು ಅಮಾವಾಸ್ಯೆಯ ಮಾರನೆಯ ದಿನ ಸಾಹೇಬರೇ ಮೋಟಾರಿನಲ್ಲಿ ಕರೆತರುತ್ತಾರೆ. ಹಳಬನನ್ನು ಅಂದೇ ಬಿಡುಗಡೆ ಮಾಡುವುದು. ಬಿರಡೆ ಕರಗಿಸಿದ ಡ್ರೈವರನ್ನು ಮತ್ತೆ ಯಾವ ಖಾತೆಯೂ ಬಾಯ್ಲರಿನ ಹತ್ತಿರ ನಿಲ್ಲಿಸಿಕೊಳ್ಳುವುದಿಲ್ಲ. ಇಪ್ಪತ್ತು ವರ್ಷದ ಬಾಳು ಅಲ್ಲಿಗೆ ಮುಗಿದಂತೆ. ನಾನು ಅವನಿಗೆ ಹೇಳಲಿಲ್ಲ. ಸಾಹೇಬರು ಬಂದೇ ಹೇಳಲಿ ಎಂದು ಸುಮ್ಮನಾದೆ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಮುಂದಾಳು ಹೆಂಗಸು ಬಂದು ಅಮಾವಾಸ್ಯೆಯ ದಿನಕ್ಕೂ ಅದರ ಹಿಂದಿನ ದಿನಕ್ಕೂ ರಜೆ ಕೇಳಿದಳು. ನಾನು ಹಾಜರಿ ಪುಸ್ತಕ ತೆರೆದೆ. ಹಿಂದೆ ಮೂರು ಸಲ ರಜೆ ಹಾಕಿದ್ದಳು. ಆ ತಾರೀಖುಗಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಪಕ್ಕದಲ್ಲೇ ನೋಟುಬುಕ್ಕು ಇತ್ತು. ಹೊಂದಿಸಿ ನೋಡಿದೆ. ಅವಳು ರಜೆ ಹಾಕಿದ ದಿನಗಳಲ್ಲೇ ರೋಲರ್ ಕೆಟ್ಟಿತ್ತು. ಮೂರಕ್ಕೆ ಮೂರೂ. ನನ್ನ ತಲೆಗೆ ಮೊದಲು ಬಂದದ್ದು, ಇವಳೇ ಏನೋ ಮಾಡಿಸುತ್ತಿದ್ದಾಳೆ ಎಂದು. ನಗಬೇಡಿ, ಹಾಗೇ ಅಂದುಕೊಂಡೆ.

“ನೀನು ಬಾರದ ದಿನವೇ ರೋಲರ್ ಕೆಡ್ತದೆ. ಎಂತ ಮಾಡ್ತೆ ನೀನು?” ಎಂದು ಗದರಿಸಿದೆ.

“ನಾ ಎಂತ ಮಾಡೂದು ಒಡೆಯಾ? ಗಜನಿ ಬಾಗ್ಲು ಕಾಯುಕೆ ಹೋಗ್ತೆ. ಅಮಾಸೆ ಹುಣ್ಣಿಮೆಗೆ ದೊಡ್ಡ ಭರ್ತಿ. ಹಲಗೆ ಸಡ್ಲ ಆದ್ರೆ ಉಪ್ಪುನೀರು ಗದ್ದೆಗೆ ನುಗ್ತದೆ. ನಮ್ಮ ಮನೆ ಗಂಡಸು ಒಬ್ನಿಗೆ ಆಗೂದಿಲ್ಲ.”

“ಸಮುದ್ರದ ಭರ್ತಿ ಬಂದ್ರೆ ನೀರು ಎಲ್ಲೀ ವರೆಗೆ ಹತ್ತದೆ?”

“ಉಳಿದ ದಿನ ಬಂಡೆ ಸಾಲಿನ ಕೆಳಗೇ ನಿಲ್ತದೆ. ಆ ಎರಡು ಮೂರು ದಿನ ಬಂಡೆ ಹಾರಿ ಮಡುವಿಗೇ ಬೀಳ್ತದೆ, ಮಧ್ಯಾಹ್ನದ ಮುಂಚೆ. ಆಮೇಲೆ ಮೇಲಿನ ನೀರು ಸಿಹಿ, ಅಡಿಗೆ ಉಪ್ಪು. ಹಾಂಗೇ ಇರ್ತದೆ ನಾಲ್ಕು ದಿನ.”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು? ಬೆಂಕಿ ತಿನ್ನೂ ಗಾಡಿಗೆ ಉಪ್ಪು ಆಗೂದಿಲ್ಲ ಹೇಳಿ ನಮಗೇನು ಗೊತ್ತು!” ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಗಾಡಿಯವರು ಘಟ್ಟದ ಮೇಲಿನವರು, ಸಮುದ್ರ ಹಳ್ಳದೊಳಗೆ ಬರುತ್ತದೆ ಎಂಬುದು ಅವರ ಕನಸಿಗೂ ಬಂದಿರಲಿಕ್ಕಿಲ್ಲ. ಡ್ರೈವರಿಗೆ ಬಾಯ್ಲರ್ ಗೊತ್ತು, ಸಮುದ್ರದ ಭರತ ಗೊತ್ತಿಲ್ಲ. ಈ ಹೆಂಗಸಿಗೆ ಭರತ ಗೊತ್ತು, ಬಾಯ್ಲರ್ ಗೊತ್ತಿಲ್ಲ. ಎರಡೂ ಗೊತ್ತಿದ್ದವನು ಆ ರಸ್ತೆಯ ಮೇಲೆ ನಾನೊಬ್ಬನೇ. ಕಾಳಿ ನದಿಯ ದಂಡೆಯಲ್ಲಿ ಹುಟ್ಟಿದವನು ನಾನು. ನಮ್ಮ ಮನೆಯ ಕೊಂಕಣಿಯಲ್ಲಿ ಭರ್ತಿ, ಸುಕ್ತಿ, ಎಂದರೆ ಉಬ್ಬರ ಇಳಿತ, ಎಂಬ ಮಾತು ಬಾರದ ದಿನವಿಲ್ಲ. ಉಪ್ಪುನೀರು ಬಾಯ್ಲರಿಗೆ ಏನು ಮಾಡುತ್ತದೆ ಎಂದು ಪುಣೆಯಲ್ಲಿ ಪರೀಕ್ಷೆಗೆ ಬರೆದು ಪಾಸಾದವನೂ ನಾನೇ. ನಾಲಿಗೆಗೆ ತಿಳಿಯದಷ್ಟು ಉಪ್ಪು ಇದ್ದರೂ ಸಾಕು. ನೀರು ಹಬೆಯಾಗಿ ಹೋಗುತ್ತದೆ, ಉಪ್ಪು ಒಳಗೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ, ನೊರೆ ಏಳುತ್ತದೆ. ಆ ನೊರೆ ಗಾಜಿನ ಕೊಳವೆಯಲ್ಲಿ ಏರಿ, ಇಲ್ಲದ ನೀರನ್ನು ಇದೆ ಎಂದು ತೋರಿಸುತ್ತದೆ. ಡ್ರೈವರ್ ನಿಜವಾಗಿಯೂ ಅರ್ಧ ಕೊಳವೆ ನೀರು ನೋಡಿದ್ದ.

ಹಬ್ಬದ ವಿಷಯವೂ ಆಗ ಅರ್ಥವಾಯಿತು. ನಮ್ಮ ಹಬ್ಬಗಳು ಬರುವುದೇ ಹುಣ್ಣಿಮೆ ಅಮಾವಾಸ್ಯೆಗೆ. ದೊಡ್ಡ ಭರತ ಬರುವುದೂ ಆಗಲೇ. ನಾನು ಹಬ್ಬವನ್ನು ನೋಡಿದೆ, ನೀರನ್ನು ನೋಡಲಿಲ್ಲ. ಕೋಳಿ ಕೊಡಿ ಎಂದವರು ದಿನ ಸರಿಯಾಗಿ ಗುರುತಿಸಿದ್ದರು. ಅವರ ಕಾರಣವನ್ನು ಬಿಡುವ ಅವಸರದಲ್ಲಿ ನಾನು ಅವರ ದಿನವನ್ನೂ ಬಿಟ್ಟಿದ್ದೆ.

ಖಾತ್ರಿಗಾಗಿ ಒಂದು ಪರೀಕ್ಷೆ ಮಾಡಿದೆ. ಡ್ರೈವರನ್ನು ಕರೆದು, ಹೊಸ ಬಿರಡೆ ಕೂರಿಸಿ ಮತ್ತೆ ಹಳ್ಳದ ನೀರಿನಲ್ಲೇ ಓಡಿಸುತ್ತಿದ್ದ ಬಾಯ್ಲರಿನ ಅಡಿಯ ನಲ್ಲಿಯಿಂದ ಒಂದು ಪಾತ್ರೆ ನೀರು ಹಿಡಿಸಿದೆ. ಬಾವಿಯ ನೀರು ಇನ್ನೊಂದು ಪಾತ್ರೆ. ಎರಡನ್ನೂ ಒಂದೇ ಒಲೆಯ ಮೇಲೆ ಬತ್ತುವವರೆಗೆ ಕುದಿಸಿದೆವು. ಬಾವಿಯ ನೀರಿನ ತಳದಲ್ಲಿ ಬೂದಿಯಂಥ ತೆಳು ಕಲೆ. ಬಾಯ್ಲರಿನದರಲ್ಲಿ ಬೆರಳಿನಿಂದ ಕೆರೆದರೆ ಉಗುರು ತುಂಬುವಷ್ಟು ಬಿಳಿ ಪುಡಿ. ಡ್ರೈವರ್ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ.

“ಉಪ್ಪು,” ಎಂದ. ಆಮೇಲೆ, “ನನ್ನ ಕಣ್ಣ ಹೋದುವು ಅನ್ಕೊಂಡಿದ್ದೆ ಸಾಹೇಬ್ರ. ಕೊಳವ್ಯಾಗ ನೀರು ಕಾಣತೈತಿ, ಬಾಯ್ಲರ್‌ನ್ಯಾಗ ಇಲ್ಲ. ವಯಸ್ಸಾತು, ಇನ್ನ ಬಿಟ್ಟಬಿಡೋದು ಚೊಲೋ ಅಂತ ಊರಿಗೆ ಹೇಳಿ ಕಳಿಸೇನ್ರಿ,” ಎಂದ.

ಆಗಲಾದರೂ ಬಾಯಿ ಬಿಟ್ಟು ಹೇಳಬೇಕಿತ್ತು, ನಿಮ್ಮನ್ನು ತೆಗೆಯಿರಿ ಎಂದು ನಾನು ಬರೆದಿದ್ದೇನೆ ಎಂದು. ಹೇಳಲಾಗಲಿಲ್ಲ. ಮೊದಲು ಪತ್ರ ಸರಿಮಾಡುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಪತ್ರ ಸುಲಭವಾಗಲಿಲ್ಲ. ಮೊದಲು ಬರೆದದ್ದರಲ್ಲಿ, ಹಳ್ಳದ ನೀರು ಆಗಾಗ ಉಪ್ಪಾಗುವುದು ಈಚೆಗೆ ಕಂಡುಬಂದಿದೆ ಎಂದಿತ್ತು. ಓದಿ ನೋಡಿದೆ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ, ಆದರೆ ನೀರನ್ನು ಯಾರು ಬದಲಿಸಿದರು ಎಂಬುದೂ ಇರಲಿಲ್ಲ. ಸಾಹೇಬರು ಮೆಚ್ಚಿದ್ದ ಮಾದರಿಯೇ ಈ ಎಲ್ಲ ಅನಾಹುತದ ಮೂಲ. ಅದನ್ನು ಒಪ್ಪಿಕೊಂಡರೆ ಕಾಯಂ ನೌಕರಿಯ ಆಸೆ ಬಿಡಬೇಕು. ಒಪ್ಪಿಕೊಳ್ಳದಿದ್ದರೆ, ಉಪ್ಪು ಗೊತ್ತಾಗದ ಡ್ರೈವರ್ ಎಂದು ಅವನ ಮೇಲೇ ಮತ್ತೊಂದು ದೂರು ಬೀಳುತ್ತದೆ. ಹರಿದು ಹೊಸದಾಗಿ ಬರೆದೆ. ನೀರಿನ ಜಾಗ ಬದಲಿಸಿದ ಹುಕುಂ ನನ್ನದು. ಡ್ರೈವರ್ ಮೊದಲೇ ಬೇಡವೆಂದ, ಆಮೇಲೂ ನೀರಿನ ಮೇಲೆ ಸಂಶಯ ಹೇಳಿದ, ನಾನು ಕೇಳಲಿಲ್ಲ. ಬಿರಡೆ ಕರಗಿದ್ದಕ್ಕೆ ಅವನು ಹೊಣೆಯಲ್ಲ. ಅವನ ವಿರುದ್ಧ ಬರೆದ ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಅಂದೇ ಟಪಾಲಿಗೆ ಹಾಕಿದೆ. ಸಮಾಧಾನವೇನೂ ಆಗಲಿಲ್ಲ.

ಉಳಿದ ದಿನಗಳಲ್ಲಿ ನೀರಿನ ವ್ಯವಸ್ಥೆಯನ್ನೇ ಬದಲಿಸಿದೆವು. ಈ ಸಲ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಯೋಚಿಸಿದೆ. ರಸ್ತೆಗೆ ಉಪ್ಪುನೀರು ಹೊಡೆದರೆ ಏನೂ ಕೆಡುವುದಿಲ್ಲ, ಆದ್ದರಿಂದ ಒಂದು ಗಾಡಿ ಹಳ್ಳದಲ್ಲೇ ತುಂಬಲಿ. ಬಾಯ್ಲರಿಗೆ ಮಾತ್ರ ಬಾವಿಯ ನೀರು. ಆದರೆ ಒಂದೇ ಗಾಡಿ ಬಾವಿಗೆ ಹೋಗಿ ಬರುವ ತನಕ ರೋಲರ್ ಕಾಯಬಾರದು. ನೀರು ಮೊದಲೇ ಬಂದು ರಸ್ತೆಯ ಬದಿಗೆ ಕೂತಿರಬೇಕು. ಕೂಡಿಡುವುದು ಯಾವುದರಲ್ಲಿ? ಬೈತಖೋಲ ಬಂದರಿನಿಂದ ಮರದ ಪೀಪಾಯಿ ತರಿಸಿದೆ. ಡ್ರೈವರ್ ಮುಚ್ಚಳ ತೆಗೆದು ಮೂಸಿ ನೋಡಿ ನನ್ನ ಮುಖ ನೋಡಿದ. ಮೀನಿಗೆ ಉಪ್ಪು ಹಾಕಿಟ್ಟ ಪೀಪಾಯಿಗಳು ಅವು. ಆ ದಿನ ಮೊದಲ ಸಲ ಇಬ್ಬರೂ ಕೂಡಿ ನಕ್ಕೆವು.

ದಾರಿ ತೋರಿಸಿದವಳು ಮತ್ತೆ ಆ ಹೆಂಗಸೇ. ಅವರ ಕೇರಿಯಲ್ಲಿ ಒಂದು ಹಳೆಯ ಪಾತಿ ದೋಣಿ ಕವುಚಿ ಬಿದ್ದಿತ್ತು. ಒಂದೇ ಮರ ಕೊರೆದು ಮಾಡಿದ್ದು, ಹೊಳೆಗೆ ಹಾಕಿ ಎಷ್ಟೋ ವರ್ಷವಾಗಿತ್ತು. ಗಾಡಿಯ ಮೇಲೆ ಹೇರಿ ತಂದು, ಬಿರುಕಿಗೆ ನಾರು ಬಡಿದು, ನಾಲ್ಕು ಸಲ ಬಾವಿ ನೀರು ತುಂಬಿ ಚೆಲ್ಲಿ, ರಸ್ತೆಯ ಬದಿಗೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಮಧ್ಯಾಹ್ನ ರೋಲರ್ ಊಟಕ್ಕೆ ನಿಂತಾಗ, ಸಂಜೆ ಕೆಲಸ ಬಿಟ್ಟಾಗ, ಬಾವಿಯ ಗಾಡಿ ಅದನ್ನು ತುಂಬುತ್ತಿತ್ತು. ಕೆಲಸ ಮುಂದೆ ಸರಿದಂತೆ ಎರಡು ಜೋಡಿ ಎತ್ತು ಕಟ್ಟಿ ಅದನ್ನೂ ಎಳೆದುಕೊಂಡು ಹೋದೆವು. ನೆಲದ ಮೇಲೆ ದೋಣಿ ನಡೆಸುವ ಓವರ್‌ಸಿಯರ್ ಎಂದು ನನಗೊಂದು ಹೆಸರೂ ಬಂತು. ಮಿರಗದ ಮಳೆ ಬೀಳುವ ಹೊತ್ತಿಗೆ ಮೂರು ಮೈಲಿನಲ್ಲಿ ಒಂದು ತುಣುಕೂ ಉಳಿದಿರಲಿಲ್ಲ. ಕಾಯಂ ಆಗಲು ನಾನು ಮತ್ತೆ ಎರಡು ವರ್ಷ ಕಾಯಬೇಕಾಯಿತು.

ಆದರೆ ನಾನು ಹೇಳಬೇಕಾದದ್ದು ಅಮಾವಾಸ್ಯೆಯ ಮಾರನೆಯ ದಿನದ ಮಾತು. ನನ್ನ ಎರಡನೆಯ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾರವಾರದ ಕಡೆಯಿಂದ ಮೋಟಾರು ಬಂತು. ಸಾಹೇಬರ ಹಿಂದೆ ಒಬ್ಬ ತರುಣ ಕೈಯಲ್ಲಿ ಹಾಸಿಗೆ ಸುರುಳಿ ಹಿಡಿದು ಇಳಿದ. ರೋಲರ್ ಓಡುತ್ತಿತ್ತು. ಬಂಡೆಯ ಸಾಲಿನ ಮೇಲೆ ಭರತದ ನೀರು ಹಾರಿ ಮಡುವಿಗೆ ಬೀಳುವುದು ಸೇತುವೆಯಿಂದಲೇ ಕಾಣುತ್ತಿತ್ತು. ಸಾಹೇಬರು ಸೇತುವೆಯ ಮೇಲೆ ನಿಂತು ಅದನ್ನು ನೋಡಿದರು, ದೋಣಿಯನ್ನು ನೋಡಿದರು, ನಾನು ಇಟ್ಟುಕೊಂಡಿದ್ದ ಬಿಳಿ ಪುಡಿಯ ಪಾತ್ರೆಯನ್ನು ನೋಡಿದರು. ಗಾಜಿನ ಕೊಳವೆಯ ಮುಂದೆ ಕಾಲು ಗಂಟೆ ನಿಂತರು. ಅದರಲ್ಲಿ ನೀರು ಅಲುಗದೆ ನಿಂತಿತ್ತು.

“ಪತ್ರ ಓದಿದೆ. ಡ್ರೈವರ್ ಇರಲಿ. ನಿಮ್ಮ ವಿಚಾರ ಆಮೇಲೆ ನೋಡೋಣ,” ಎಂದಷ್ಟೇ ನನಗೆ ಹೇಳಿ, ತರುಣನನ್ನು ಮತ್ತೆ ಮೋಟಾರಿಗೆ ಹತ್ತಿಸಿಕೊಂಡು ಹೋದರು.

ಹಾಸಿಗೆ ಹಿಡಿದು ಬಂದವನು ಯಾರು, ಯಾಕೆ ಬಂದ ಎಂದು ಕೇಳುವಷ್ಟು ದಡ್ಡ ಡ್ರೈವರ್ ಅಲ್ಲ. ರೋಲರ್ ನಿಲ್ಲಿಸಿ ಇಳಿದು ಬಂದ. ನಾನು ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಮೊದಲ ಪತ್ರದಲ್ಲಿ ಏನು ಬರೆದಿದ್ದೆ, ಎರಡನೆಯದರಲ್ಲಿ ಏನು ಬರೆದೆ, ಎಲ್ಲ ಹೇಳಿದೆ. ಕುಡಿತದ ಮಾತನ್ನೂ ಮುಚ್ಚಿಡಲಿಲ್ಲ. ಅವನು ಕೈಯ ಸುಟ್ಟ ಗಾಯದ ಮೇಲಿನ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತ ಕೇಳಿದ. ಬೈಯಬಹುದು, ಕೆಲಸ ಬಿಟ್ಟು ಹೋಗಬಹುದು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ದೊಡ್ಡ ಸಾಹೇಬ್ರಿಗೆ ಬರದು ತಿಳಿಸಿದ್ರಿ. ಅದು ಆತು,” ಎಂದ. “ಆದ್ರ ಕುಡುಕ ಅಂತ ನೀವು ಅಂದದ್ದು ಇಲ್ಲೇ, ಇವರೆಲ್ಲಾರ ಮುಂದ. ಅವತ್ತಿನಿಂದ ಬೆಂಕಿಯವ ಸೈತ ನನ್ನ ಮಾತಿಗೆ ಒಮ್ಮೆಗೆ ಏಳಂಗಿಲ್ಲ. ಪತ್ರ ಅವರಿಗೆ ಓದಾಕ ಬರಂಗಿಲ್ರಿ.”

ಅವನು ಅಷ್ಟು ಹೇಳಿ ರೋಲರಿನ ಕಡೆ ನಡೆದ. ಆದರೆ ಹತ್ತಲಿಲ್ಲ. ಗಾಲಿಯ ಪಕ್ಕದಲ್ಲಿ, ನನ್ನ ಕಡೆ ಬೆನ್ನು ಮಾಡಿ ನಿಂತ.

ಊಟದ ಹೊತ್ತಾಗಿತ್ತು. ಹೆಂಗಸರು ಖಡಿಯ ರಾಶಿಯ ನೆರಳಿಗೆ ಗಂಜಿ ಬಿಚ್ಚುತ್ತಿದ್ದರು, ಗಾಡಿಯವರು ಎತ್ತು ಬಿಟ್ಟು ಬೀಡಿ ಹಚ್ಚಿದ್ದರು. ಸಾಹೇಬರಿಗೆ ಪತ್ರ ಬರೆಯುವಾಗ ಮುಖ ಯಾರಿಗೂ ಕಾಣುವುದಿಲ್ಲ. ಇಲ್ಲಿ ಎಪ್ಪತ್ತು ಎಂಬತ್ತು ಜನ, ಎಲ್ಲರೂ ನನ್ನನ್ನು ನೋಟುಬುಕ್ಕಿನವನೆಂದು ಬಲ್ಲವರು. ನಾನು ಖಡಿಯ ರಾಶಿ ಹತ್ತಿದೆ. ಕಲ್ಲು ಜಾರಿ ಒಮ್ಮೆ ಮೊಣಕಾಲು ಊರಿದೆ, ಯಾರೋ ನಕ್ಕರು. ಎದ್ದು ನಿಂತು, ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ತಿಳಿಯುವ ಹಾಗೆ, ನಿಧಾನವಾಗಿ ಹೇಳಿದೆ.

“ಹಳ್ಳದ ನೀರು ತುಂಬಿ ಅಂದವ ನಾನು. ಅದರಲ್ಲಿ ಉಪ್ಪಿತ್ತು. ರೋಲರ್ ಕೆಟ್ಟದ್ದು ಅದರಿಂದ. ಮಿಸ್ತ್ರಿ ಬೇಡ ಅಂದಿದ್ದರು, ನಾನು ಕೇಳಲಿಲ್ಲ. ಅವರು ಕುಡಿದಿರಲಿಲ್ಲ. ನಾನು ಸುಳ್ಳು ಹೇಳಿದ್ದೆ.”

ಮುಂದಾಳು ಹೆಂಗಸು ಗಂಜಿಯ ಪಾತ್ರೆ ಕೆಳಗಿಟ್ಟಳು. ಡ್ರೈವರ್ ಈ ಕಡೆ ತಿರುಗದೆಯೇ ಬೆಂಕಿಯವನನ್ನು ಹೆಸರು ಹಿಡಿದು ಕೂಗಿದ. ಬೆಂಕಿಯವನು ಬಾಯಲ್ಲಿದ್ದ ತುತ್ತನ್ನು ನುಂಗಿಕೊಂಡೇ ಎದ್ದು ಓಡಿದ.